ಗರಗಸ ಬೇಡ, ಯೂನಿಯನ್ ಹಾಕಿ

ಮನೆ ಕಟ್ಟುವಾಗ ಹೆಂಗಸರನ್ನು ಎರಡೇ ವಿಷಯಕ್ಕೆ ಕೇಳುತ್ತಾರೆ. ಅಡುಗೆಮನೆಯ ಕಟ್ಟೆ ಎಷ್ಟು ಎತ್ತರ ಇರಬೇಕು, ದೇವರ ಕೋಣೆ ಯಾವ ದಿಕ್ಕಿಗೆ ಬರಬೇಕು. ಈಚೆಗೆ ಟೈಲ್ಸ್ ಬಣ್ಣ ಆರಿಸಲಿಕ್ಕೂ ಕರೆದುಕೊಂಡು ಹೋಗುತ್ತಾರೆನ್ನಿ. ಉಳಿದದ್ದನ್ನೆಲ್ಲ ಇಂಜಿನಿಯರು, ಮೇಸ್ತ್ರಿ ಮತ್ತು ಯಜಮಾನರು ಮರಳಿನ ಗುಡ್ಡೆಯ ಪಕ್ಕ ನಿಂತು ಮಾತಾಡಿ ಮುಗಿಸಿರುತ್ತಾರೆ. ಗೃಹಪ್ರವೇಶದ ದಿನ ಬಂದವರು ಗ್ರಾನೈಟ್ ಮುಟ್ಟಿ ನೋಡುತ್ತಾರೆ, ಬಾಗಿಲಿನ ಕೆತ್ತನೆ ನೋಡುತ್ತಾರೆ, ಬಾತ್‌ರೂಮಿನ ನಲ್ಲಿ ತಿರುಗಿಸಿ ‘ಒಳ್ಳೇ ಫೋರ್ಸ್ ಇದೆ’ ಎನ್ನುತ್ತಾರೆ. ಆ ಫೋರ್ಸ್ ಎಲ್ಲಿಂದ ಬಂತು ಎಂದು ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಗೆ ಬಗ್ಗಿ ನೋಡಿದವರನ್ನು ನಾನಂತೂ ಕಂಡಿಲ್ಲ.

ಆ ಮೂಲೆಯಲ್ಲಿ ಅರ್ಧ ಅಥವಾ ಒಂದು ಎಚ್‌ಪಿಯ ಮಾನೋಬ್ಲಾಕ್ ಪಂಪೊಂದು ಕೂತಿರುತ್ತದೆ. ನೆಲದೊಳಗಿನ ಸಂಪಿನಿಂದ ನೀರೆಳೆದು ಮಾಳಿಗೆಯ ಟ್ಯಾಂಕಿಗೆ ಏರಿಸುವುದು ಅದರ ಕೆಲಸ. ಫ್ರಿಜ್ಜು ಕೆಟ್ಟರೆ ಹಾಲು ಒಡೆಯುತ್ತದೆ, ಟೀವಿ ಕೆಟ್ಟರೆ ಮನೆ ತಣ್ಣಗಿರುತ್ತದೆ. ಈ ಪಂಪು ಕೆಟ್ಟ ದಿನ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ಸಂಪಿನ ಬಾಯಿಗೆ ಬಗ್ಗುವವಳು ಯಾರು ಎನ್ನುವುದು ನನಗೂ ಗೊತ್ತು, ನಿಮಗೂ ಗೊತ್ತು.

ನನ್ನ ತಕರಾರು ಆ ಪಂಪಿಗೆ ಸೇರಿಸುವ ಪೈಪುಗಳ ಬಗ್ಗೆ. ಪಂಪಿನ ಎರಡು ಕಡೆಯೂ ಯೂನಿಯನ್ ಹಾಕದೆ, ಬರೀ ಅಂಟು ಬಳಿದು ಪೈಪು ಜೋಡಿಸಿ ಹೋಗುವುದನ್ನು ನಾನು ಅಪರಾಧ ಎನ್ನುತ್ತೇನೆ. ಮಾತು ದೊಡ್ಡದಾಯಿತು ಅನ್ನಿಸಿದರೆ ಪೂರ್ತಿ ಕೇಳಿ, ಆಮೇಲೆ ನಗುವಿರಂತೆ.

ನಮ್ಮದು ಚಿತ್ರದುರ್ಗ. ಇಲ್ಲಿನ ಕೊಳವೆಬಾವಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಸ್ನಾನದ ಹಂಡೆಯೊಳಗೆ ಬಿಳೀ ಹಕ್ಕಳೆ ಕಟ್ಟುತ್ತದೆ. ಹಂಡೆಯೊಳಗೆ ಕಟ್ಟಿದ್ದು ಪಂಪಿನೊಳಗೂ ಕಟ್ಟುತ್ತದೆ, ಸಂಪಿನ ತಳದಲ್ಲಿರುವ ಫುಟ್‌ವಾಲ್ವಿನಲ್ಲೂ ಕಟ್ಟುತ್ತದೆ. ಹೀಗಾಗಿ ನಮ್ಮ ಮನೆಯ ಪಂಪು 11 ವರ್ಷದಲ್ಲಿ 5 ಸಲ ಕೆಳಗಿಳಿದಿದೆ. ಐದು ಸಲವೂ ಅದನ್ನು ಬಿಡಿಸಿದ್ದು ಸ್ಪ್ಯಾನರಿನಿಂದಲ್ಲ, ಗರಗಸದಿಂದ.

2019ರ ಏಪ್ರಿಲ್ ತಿಂಗಳಿನ ಸಲ ಮರೆಯುವಂಥದ್ದಲ್ಲ. ಅತ್ತೆಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಹಾಸಿಗೆ ಹಿಡಿದವರ ಶುಶ್ರೂಷೆ ಮಾಡಿದವರಿಗೆ ದಿನಕ್ಕೆ ಎಷ್ಟು ಬಕೆಟ್ ನೀರು ಬೇಕೆಂದು ನಾನು ಹೇಳಬೇಕಾಗಿಲ್ಲ. ಯಜಮಾನರು ಊರಲ್ಲಿರಲಿಲ್ಲ. ಬೆಳಿಗ್ಗೆ ಪಂಪಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಹತ್ತು ಗಂಟೆಗೆ ಅದು ಗೊರಗೊರ ಸದ್ದು ಮಾಡಿ ನೀರೆತ್ತುವುದನ್ನೇ ಬಿಟ್ಟಿತು. ಪ್ಲಂಬರ್ ಬಂದದ್ದು ಸಂಜೆ ನಾಲ್ಕಕ್ಕೆ. ಬಗ್ಗಿ ನೋಡಿದ, ಎದ್ದ, ಚೀಲದಿಂದ ಹ್ಯಾಕ್‌ಸಾ ಬ್ಲೇಡು ತೆಗೆದ.

‘ಕಟ್ ಮಾಡ್ಬೇಕಮ್ಮ.’

‘ಬಿಚ್ಚೋಕೆ ಬರಲ್ವೇನಪ್ಪಾ?’

‘ಬಿಚ್ಚೋಕೆ ಏನಿದೆ ಇದ್ರಲ್ಲಿ? ಎಲ್ಲಾ ಸಲ್ಯೂಷನ್ ಹಾಕಿ ಅಂಟ್ಸಿದಾರೆ.’

ಎರಡು ಕಡೆಯೂ ಕೊಯ್ದ. ಪಂಪನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟುಕೊಂಡು ಅಂಗಡಿಗೆ ಒಯ್ದ. ಕೆಟ್ಟಿದ್ದು ಒಳಗಿನ ಸೀಲು ಮಾತ್ರ. ಅಂಗಡಿಯವರು ಹಾಕಿಕೊಡಲು ಅರ್ಧ ಗಂಟೆ ಹಿಡಿಯಿತಂತೆ. ಆದರೆ ಪಂಪು ಮತ್ತೆ ನೀರೆತ್ತಿದ್ದು ಮೂರನೆಯ ದಿನ ಬೆಳಿಗ್ಗೆ. ಮರುದಿನ ಅವನಿಗೆ ಬೇರೆ ಕಡೆ ಕೆಲಸವಿತ್ತು. ಪೈಪು ತರಬೇಕು, ಎಲ್ಬೋ ತರಬೇಕು, ಕಪ್ಲಿಂಗ್ ತರಬೇಕು, ಅಳತೆ ತಪ್ಪಿತೆಂದು ಮತ್ತೊಂದು ತರಬೇಕು. ಜೋಡಿಸಿದ ಮೇಲೆ ‘ಅಂಟು ಒಣಗಲಿ, ಬೆಳಗಿನ ತನಕ ಸ್ವಿಚ್ ಹಾಕ್ಬೇಡಿ’ ಎಂದು ಹೇಳಿ ಹೋದ. ಲೆಕ್ಕ ಹಾಕಿ ನೋಡಿ: ಯಂತ್ರದ ರಿಪೇರಿಗೆ ಅರ್ಧ ಗಂಟೆ, ಪೈಪು ಕೊಯ್ದು ಕೂಡಿಸುವುದಕ್ಕೆ ಎರಡು ದಿನ! ಆ ಎರಡು ದಿನ ಸಂಪಿನಿಂದ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಸೇದಿ, ಅತ್ತೆಯ ಹಾಸಿಗೆ ಬಟ್ಟೆ ಒಗೆದು, ಒರೆಸಿ, ಮತ್ತೆ ಸೇದಿ... ನನ್ನ ಬೆನ್ನು ಅದನ್ನು ಈಗಲೂ ನೆನೆಸಿಕೊಳ್ಳುತ್ತದೆ.

ಇನ್ನೊಂದು ಮಾತು. ಒಂದು ಸಲ ಕೊಯ್ದರೆ ಬ್ಲೇಡಿನ ದಪ್ಪದಷ್ಟೇ ಪೈಪು ಹೋಗುವುದು ಎಂದುಕೊಳ್ಳಬೇಡಿ. ಕಪ್ಲಿಂಗ್ ಕೂರಿಸಲು ಎರಡು ಕಡೆಯೂ ನೇರವಾದ, ಶುಚಿಯಾದ ತುಂಡು ಬೇಕು. ಎರಡು ಮೂರು ಸಲ ಕೊಯ್ದ ಮೇಲೆ ಎಲ್ಬೋದ ಪಕ್ಕದಲ್ಲೇ ಕಪ್ಲಿಂಗ್, ಕಪ್ಲಿಂಗಿನ ಪಕ್ಕದಲ್ಲೇ ಎಲ್ಬೋ, ನಡುವೆ ಹಿಡಿಯಲು ಪೈಪೇ ಇರುವುದಿಲ್ಲ. ಆಮೇಲೆ ಗೋಡೆ ಅಗೆಯಬೇಕು. ಒಳಗೆ ಒಂದು ಅಂಗುಲವೂ ಬಟ್ಟೆ ಬಿಡದೆ ರವಿಕೆ ಹೊಲಿಯುವ ದರ್ಜಿಯನ್ನು ನಾವು ಸುಮ್ಮನೆ ಬಿಡುತ್ತೇವೆಯೇ? ‘ನಾಳೆ ಸ್ವಲ್ಪ ದಪ್ಪ ಆದ್ರೆ ಬಿಚ್ಚಿ ಹೊಲೀಬೇಡ್ವೇನಯ್ಯಾ’ ಎಂದು ಅಂಗಡಿಯಲ್ಲೇ ಜಗಳ ತೆಗೆಯುತ್ತೇವೆ. ಇನ್ನೂರು ಮುನ್ನೂರು ರೂಪಾಯಿ ಹೊಲಿಗೆಗೆ ಇರುವ ಆ ಜಾಣತನ ಲಕ್ಷಗಟ್ಟಲೆ ಸುರಿದು ಕಟ್ಟಿಸುವ ಮನೆಗೆ ಯಾಕೆ ಬೇಡ?

ಯೂನಿಯನ್ ಎಂದಕೂಡಲೆ ಕೆಂಪು ಬಾವುಟ, ಮುಷ್ಕರ ನೆನಪಾದೀತು. ಇದು ಬೇರೆ. ಪೈಪಿನ ಯೂನಿಯನ್ನಿಗೆ ಮೂರು ಭಾಗ. ಈ ಕಡೆಯ ಪೈಪಿಗೊಂದು ತುದಿ, ಆ ಕಡೆಯ ಪೈಪಿಗೊಂದು ತುದಿ, ಎರಡನ್ನೂ ಎದುರುಬದುರು ಕೂರಿಸಿ ಬಿಗಿಯುವ ಒಂದು ದಪ್ಪ ನಟ್ಟು. ಪ್ಲಾಸ್ಟಿಕ್ಕಿನದ್ದಾದರೆ ಎರಡು ತುದಿಗಳ ನಡುವೆ ಓ-ರಿಂಗ್ ಎಂಬ ರಬ್ಬರಿನ ಬಳೆ ಇರುತ್ತದೆ. ನೀರು ಹೊರಬರದಂತೆ ತಡೆಯುವುದು ಆ ಬಳೆಯೇ, ನಟ್ಟಿನ ಮರೆಯಲ್ಲ. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ನೆನೆಸಿಕೊಳ್ಳಿ, ಅದೇ ಉಪಾಯ. ನಟ್ಟು ಸಡಿಲಿಸಿದರೆ ಎರಡು ಪೈಪುಗಳೂ ಇದ್ದ ಜಾಗದಲ್ಲೇ ಇರುತ್ತವೆ, ಅಲುಗಾಡದೆ ಬೇರೆಯಾಗುತ್ತವೆ. ಪಂಪಿನ ಎರಡು ಪಕ್ಕ ಎರಡು ಯೂನಿಯನ್ ಇದ್ದರೆ, ಎರಡು ನಟ್ಟು ತಿರುಗಿಸಿ, ವಯರು ಬಿಡಿಸಿ, ಅಡಿಯ ಬೋಲ್ಟು ತೆಗೆದರೆ ಪಂಪು ಕೈಗೆ ಬರುತ್ತದೆ. ರಿಪೇರಿಯಾಗಿ ಬಂದದ್ದನ್ನು ಹಾಗೇ ಕೂರಿಸಿ ನಟ್ಟು ಬಿಗಿದರೆ ಅದೇ ಕ್ಷಣ ಸ್ವಿಚ್ ಹಾಕಬಹುದು. ಒಣಗಬೇಕಾದ ಅಂಟೇ ಅಲ್ಲಿಲ್ಲ.

ಅಂಟಿನ ಗುಣವನ್ನೂ ಹೇಳಿಬಿಡುತ್ತೇನೆ. ಪ್ಲಂಬರುಗಳು ಸಲ್ಯೂಷನ್ ಎನ್ನುವುದು ಲಕೋಟೆಗೆ ಬಳಿಯುವ ಗೋಂದಿನಂಥದ್ದಲ್ಲ. ಅದು ಪಿವಿಸಿಯ ಮೈಯನ್ನೇ ಕರಗಿಸಿ ಮೆತ್ತಗೆ ಮಾಡುತ್ತದೆ. ಹಾಗೆ ಮೆತ್ತಗಾದ ಎರಡು ಮೈಗಳು ಒಂದಕ್ಕೊಂದು ಬೆರೆತು ಗಟ್ಟಿಯಾದ ಮೇಲೆ ಅವು ಎರಡಲ್ಲ, ಒಂದೇ ಪ್ಲಾಸ್ಟಿಕ್ಕು. ಗೋಡೆಯೊಳಗೆ ಹೋಗುವ ಪೈಪಿಗೆ ಇದು ಬಹಳ ಒಳ್ಳೆಯದು, ಅಲ್ಲಿ ಹೀಗೇ ಆಗಬೇಕು. ಆದರೆ ಕೆಡುವುದಕ್ಕೆಂದೇ ಹುಟ್ಟಿದ ಪಂಪು, ವಾಲ್ವು, ಫಿಲ್ಟರುಗಳನ್ನೂ ಹೀಗೆ ಶಾಶ್ವತ ಮಾಡಿಬಿಟ್ಟರೆ? ಏಳು ಜನ್ಮದ ಬಂಧನವೆಲ್ಲ ಮನುಷ್ಯರಿಗಿರಲಿ, ಪಂಪಿಗೆ ಬೇಡ.

ವಿಚಿತ್ರವೆಂದರೆ, ನಮ್ಮ ಅಪ್ಪನ ಕಾಲದವರಿಗೆ ಇದು ಗೊತ್ತಿತ್ತು. ಆಗಿನದೆಲ್ಲ ಜಿಐ ಪೈಪು. ಎರಡು ತುದಿಗೂ ಮರೆ ಕೊರೆದು ತಿರುಗಿಸಿ ಕೂರಿಸುತ್ತಿದ್ದರು. ಎರಡೂ ಕಡೆ ಬಿಗಿದ ಪೈಪನ್ನು ನಡುವೆ ಹಿಡಿದು ತಿರುಗಿಸಿದರೆ ಒಂದು ತುದಿ ಬಿಚ್ಚಿಕೊಳ್ಳುವಾಗ ಇನ್ನೊಂದು ತುದಿ ಮತ್ತಷ್ಟು ಬಿಗಿಯುತ್ತದೆ. ಹಾಗಾಗಿ ಅಲ್ಲಲ್ಲಿ ಒಂದು ಯೂನಿಯನ್ ಇಲ್ಲದೆ ಆ ಕೆಲಸವನ್ನು ಬಿಚ್ಚುವಂತೆಯೇ ಇರಲಿಲ್ಲ. ನಮ್ಮ ತವರುಮನೆಯ ಹಿತ್ತಿಲಿನಲ್ಲಿ ತೊಟ್ಟಿಯ ಹತ್ತಿರ ಕಬ್ಬಿಣದ ಎಂಟು ಮೂಲೆಯ ಯೂನಿಯನ್ ನಟ್ಟೊಂದಿತ್ತು. ಮಕ್ಕಳು ಅದರ ಮೇಲೆ ಕಾಲಿಟ್ಟು ಪೇರಲೆ ಮರ ಹತ್ತುತ್ತಿದ್ದೆವು. ಆಮೇಲೆ ಪಿವಿಸಿ ಬಂತು. ಹಗುರ, ತುಕ್ಕು ಹಿಡಿಯದು, ಅಗ್ಗ. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಅಂಟಿನ ಡಬ್ಬಿ ಬಂದಮೇಲೆ ಜೋಡಿಸುವುದು ಎಷ್ಟು ಸುಲಭವಾಯಿತೆಂದರೆ, ಬಿಚ್ಚಬೇಕಾದೀತು ಎನ್ನುವ ಯೋಚನೆಯೇ ಕಸುಬಿನಿಂದ ಹೊರಟುಹೋಯಿತು. ಜೋಡಿಸುವವನ ಸಮಯ ಉಳಿಯಿತು. ಅವನು ಉಳಿಸಿದ ಹತ್ತು ನಿಮಿಷವನ್ನು ಮನೆಯಾಕೆ ದಿನಗಟ್ಟಲೆ ತೀರಿಸುತ್ತಾಳೆ.

ಯೂನಿಯನ್ ಹಾಕಿ ಎಂದರೆ ಬರುವ ಮೊದಲ ಉತ್ತರ, ‘ಲೀಕ್ ಆಗುತ್ತೆ ಮೇಡಂ. ಒಂದು ಜಾಯಿಂಟ್ ಜಾಸ್ತಿ ಆದಷ್ಟೂ ಒಂದು ಲೀಕ್ ಜಾಸ್ತಿ.’ ಕೇಳಲು ಬಹಳ ತಿಳಿವಳಿಕೆಯ ಮಾತಿನ ಹಾಗಿದೆ. ಆದರೆ ಐದು ಸಲ ಕೊಯ್ದು ಕೂಡಿಸಿದ ನಮ್ಮ ಪೈಪಿನಲ್ಲಿ ಎಷ್ಟು ಜಾಯಿಂಟ್ ಆಗಿತ್ತು? ನಾನು ಎಣಿಸಿದೆ. ಪಂಪಿನಿಂದ ಗೋಡೆಯವರೆಗಿನ ಎರಡೂವರೆ ಅಡಿಯಲ್ಲಿ ಒಂಬತ್ತು! ಎರಡು ಯೂನಿಯನ್ ಹೆಚ್ಚಾಯಿತು ಎನ್ನುವವರಿಗೆ ಈ ಒಂಬತ್ತು ಕಾಣುವುದಿಲ್ಲ.

ಹಾಗೆಂದು ಯೂನಿಯನ್ ಸೋರುವುದೇ ಇಲ್ಲ ಎಂದು ನಾನು ವಾದಿಸುವುದಿಲ್ಲ, ಸೋರುತ್ತದೆ. ಯಾವಾಗ? ಅಂಟು ಬಳಿಯುವಾಗ ಒಂದು ತೊಟ್ಟು ಓ-ರಿಂಗ್ ಕೂರುವ ಮುಖದ ಮೇಲೆ ಬಿದ್ದು ಗಂಟಾದಾಗ. ಎರಡು ಪೈಪು ಸೊಟ್ಟಗಿದ್ದು, ನಟ್ಟಿನ ಬಲದಿಂದಲೇ ಎಳೆದು ನೇರ ಮಾಡಲು ಹೋದಾಗ. ಬಳೆಯಲ್ಲಿ ಮರಳಿನ ಕಣ ಸಿಕ್ಕಾಗ. ನಟ್ಟಿನ ಮರೆಗೆ ಬಿಳೀ ಟೇಪು ಸುತ್ತಿ, ದೊಡ್ಡ ಪೈಪ್ ರೆಂಚಿನಿಂದ ಹಿಂಡಿ ನಟ್ಟನ್ನೇ ಸೀಳಿದಾಗ. ಇವೆಲ್ಲ ಕೈಯ ತಪ್ಪು, ವಸ್ತುವಿನದ್ದಲ್ಲ. ಪ್ಲಾಸ್ಟಿಕ್ ಯೂನಿಯನ್ನಿನ ನಟ್ಟಿಗೆ ಟೇಪೇ ಬೇಡ. ಕೈಯಿಂದ ಬಿಗಿ ಮಾಡಿದರೆ ಬಹುಪಾಲು ಸಾಕು. ಇನ್ನು ಕೆಲವರು ನಟ್ಟನ್ನು ಪೈಪಿಗೆ ಪೋಣಿಸುವುದಕ್ಕೆ ಮೊದಲೇ ತುದಿಯನ್ನು ಅಂಟಿಸಿಬಿಡುತ್ತಾರೆ. ಆಮೇಲೆ ನಟ್ಟು ಒಳಗೆ ಹೋಗುವುದೇ ಇಲ್ಲ. ತಾಳಿಗೆ ಗುಂಡು ಪೋಣಿಸದೆ ಗಂಟು ಹಾಕಿದ ಹಾಗೆ. ಆಗ ‘ಈ ಐಟಮ್ಮೇ ಸರಿ ಇಲ್ಲ’ ಎಂದು ಮೂಲೆಗೆಸೆದು ಕಪ್ಲಿಂಗ್ ಹಾಕಿ ಹೋಗುತ್ತಾರೆ.

ಸಂಪಿನ ಕಡೆಯ ಪೈಪಿನ ವಿಷಯ ಸ್ವಲ್ಪ ಸೂಕ್ಷ್ಮ. ಅಲ್ಲಿ ಪಂಪು ಎಳೆಯುತ್ತಿರುತ್ತದೆ. ಅಲ್ಲಿನ ಜೋಡಣೆ ಸಡಿಲವಿದ್ದರೆ ಪಂಪು ಓಡುವಾಗ ನೀರು ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪು ಬುಸುಗುಟ್ಟುತ್ತದೆ, ನೀರು ಏರುವುದಿಲ್ಲ. ಇದನ್ನೇ ಕಾರಣ ಮಾಡಿ ‘ಸಕ್ಷನ್ ಕಡೆ ಯೂನಿಯನ್ ಬೇಡವೇ ಬೇಡ’ ಎನ್ನುವ ಮೇಸ್ತ್ರಿಗಳಿದ್ದಾರೆ. ನನಗಂತೂ ಎಲ್ಲ ಕಡೆಗಿಂತ ಅಲ್ಲೇ ಅದು ಬೇಕು. ಸಂಪಿನ ತಳದ ಫುಟ್‌ವಾಲ್ವು ಪೈಪಿನಲ್ಲಿರುವ ನೀರು ಕೆಳಗೆ ಇಳಿದುಹೋಗದಂತೆ ಹಿಡಿದಿಡುವ ಬಾಗಿಲು. ಅದರ ಬಾಯಿಗೆ ಒಂದು ಕಲ್ಲುಚೂರು ಸಿಕ್ಕಿದರೂ, ಸುಣ್ಣ ಕಟ್ಟಿದರೂ ನೀರು ಇಳಿದುಬಿಡುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಪಂಪು ಒಣಗಿದ ಗಂಟಲಲ್ಲಿ ಕೂಗುತ್ತದೆ. ನಾವು ಅದರ ತಲೆಯ ಬಿರಡೆ ತೆಗೆದು ಚೊಂಬಿನಿಂದ ನೀರು ಹುಯ್ಯುತ್ತೇವೆ. ಒಂದು ದಿನ ಮರೆತು ಹಾಗೇ ಓಡಿಸಿದರೆ ಸೀಲು ಸುಟ್ಟುಹೋಗುತ್ತದೆ. ಫುಟ್‌ವಾಲ್ವನ್ನು ಮೇಲೆತ್ತಿ ಒಂದು ಬ್ರಷ್ಷಿನಲ್ಲಿ ಉಜ್ಜಿದರೆ ಮುಗಿಯುವ ಕಾಯಿಲೆ. ಎತ್ತುವುದು ಹೇಗೆ? ಪೈಪು ಸಂಪಿನಿಂದ ಮೇಲೆ ಬಂದು, ಬಾಗಿ, ಪಂಪಿಗೆ ಅಂಟಿಕೊಂಡಿದೆ! ಸಂಪಿನ ಮುಚ್ಚಳದ ಮೇಲೆ, ಕೈಗೆಟುಕುವಲ್ಲಿ ಒಂದು ಯೂನಿಯನ್ ಇದ್ದರೆ ಬಿಚ್ಚಿ ಬಾವಿಯ ಹಗ್ಗದಂತೆ ಮೇಲೆಳೆದುಕೊಳ್ಳಬಹುದು. ಇಲ್ಲದ ಮನೆಗಳಲ್ಲಿ ಹೆಂಗಸರು ವರ್ಷಗಟ್ಟಲೆ ದಿನಾ ಬೆಳಿಗ್ಗೆ ಚೊಂಬು ಹಿಡಿದು ಪಂಪಿಗೆ ಅಭಿಷೇಕ ಮಾಡುತ್ತಿದ್ದಾರೆ. ನಮ್ಮ ಬೀದಿಯಲ್ಲೇ ಮೂರು ಮನೆ ತೋರಿಸಬಲ್ಲೆ.

ಇದು ನಮ್ಮ ಸಣ್ಣ ಊರುಗಳ ರೋಗ, ಮುಂದುವರಿದ ದೇಶಗಳಲ್ಲಿ ಹೀಗಿರಲಾರದು ಎಂದು ನಿಮಗನ್ನಿಸಬಹುದು. ನನ್ನ ಅಕ್ಕನ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅವರು ಕೊಂಡ ಮನೆಯ ಹಿತ್ತಿಲಲ್ಲಿ ಈಜುಕೊಳವಿದೆ. ನಮಗೆ ಅದು ಸಿನಿಮಾದ ಶ್ರೀಮಂತಿಕೆ. ಆ ಬಿಸಿಲ ನಾಡಿನಲ್ಲಿ ಸಾಧಾರಣ ಸಂಬಳದವರ ಮನೆಯಲ್ಲೂ ಇರುತ್ತದಂತೆ. ಕೊಳದ ಪಕ್ಕ ಒಂದು ಸಿಮೆಂಟ್ ಕಟ್ಟೆ. ಅದರ ಮೇಲೆ ಒಂದು ಪಂಪು, ಪಕ್ಕದಲ್ಲಿ ಹಂಡೆಯಂಥ ಫಿಲ್ಟರು, ಕೆಲವರಲ್ಲಿ ನೀರು ಕಾಯಿಸುವ ಹೀಟರು. ಪಂಪು ಕೊಳದ ನೀರನ್ನೆಳೆದು ಫಿಲ್ಟರಿನಿಂದ ಸೋಸಿ ಮತ್ತೆ ಕೊಳಕ್ಕೇ ಬಿಡುತ್ತದೆ. ನಮ್ಮ ಮೆಟ್ಟಿಲ ಕೆಳಗಿನ ಸಂಸಾರವೇ, ಸ್ವಲ್ಪ ಜರತಾರಿ ಉಟ್ಟುಕೊಂಡು ನಿಂತ ಹಾಗೆ. ಮನೆ ಮಾರಿದವರ ಪ್ಲಂಬರ್ ಅಲ್ಲಿಯೂ ಎಲ್ಲವನ್ನೂ ಅಂಟಿಸಿ ಹೋಗಿದ್ದ.

2021ರ ಫೆಬ್ರುವರಿಯಲ್ಲಿ ಟೆಕ್ಸಾಸಿಗೆ ಕಂಡು ಕೇಳರಿಯದ ಹಿಮದ ಚಳಿ ಬಂದದ್ದು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಲಕ್ಷಗಟ್ಟಲೆ ಮನೆಗಳಿಗೆ ದಿನಗಟ್ಟಲೆ ಕರೆಂಟಿಲ್ಲ. ಅಂಥ ಚಳಿಯಲ್ಲಿ ಕೊಳದ ಪಂಪನ್ನು ನಿಲ್ಲಿಸದೆ ಓಡಿಸುತ್ತಿರಬೇಕು, ಹರಿಯುವ ನೀರು ಬೇಗ ಗಡ್ಡೆ ಕಟ್ಟುವುದಿಲ್ಲ. ಕರೆಂಟೇ ಹೋದರೆ ಪಂಪು ನಿಂತಿತು, ಪೈಪಿನೊಳಗೆ ನೀರು ನಿಂತಿತು. ನೀರು ಮಂಜುಗಡ್ಡೆಯಾಗುವಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಹಿಗ್ಗುವುದಕ್ಕೆ ಜಾಗವಿಲ್ಲದಿದ್ದರೆ ಪೈಪು, ಪಂಪು, ಫಿಲ್ಟರು ಏನನ್ನಾದರೂ ಸೀಳುತ್ತದೆ. ಉಳಿದ ದಾರಿಯೆಂದರೆ ಗಡ್ಡೆ ಕಟ್ಟುವ ಮೊದಲೇ ನೀರನ್ನೆಲ್ಲ ಹೊರಗೆ ಬಿಡುವುದು. ನಮ್ಮ ಹುಡುಗಿ ಬ್ಯಾಟರಿ ಹಿಡಿದು ರಾತ್ರಿ ಹೊರಗೆ ಹೋದಳು. ಪಂಪಿನ ಕೆಳಗಿನ, ಫಿಲ್ಟರಿನ ಕೆಳಗಿನ ಬಿರಡೆಗಳನ್ನೇನೋ ತೆಗೆದಳು. ಆದರೆ ಎರಡರ ನಡುವೆ ಬಾಗಿ ನಿಂತಿದ್ದ ಪೈಪುಗಳಲ್ಲಿ ಬಿಚ್ಚಲು ಏನೂ ಇರಲಿಲ್ಲ. ಪಕ್ಕದ ಮನೆಯ ಮುದುಕಿ, ಎಪ್ಪತ್ತು ದಾಟಿದವಳು, ಒಂಟಿ, ತನ್ನ ಕಟ್ಟೆಯ ಮೇಲಿನ ಯೂನಿಯನ್‌ಗಳನ್ನು ಒಂದೊಂದಾಗಿ ಸಡಿಲಿಸಿ ನೀರು ಸುರಿದು, ಪಂಪನ್ನು ಎತ್ತಿ ತಳ್ಳುಗಾಡಿಯಲ್ಲಿಟ್ಟು ಮನೆಯೊಳಗೆ ಒಯ್ದಳಂತೆ. ಬೆಳಗಾದಾಗ ನಮ್ಮವಳ ಪೈಪು ಎರಡು ಕಡೆ, ವಾಲ್ವು ಒಂದು ಕಡೆ ಸೀಳಿತ್ತು. ಊರಿಡೀ ಪೈಪು ಒಡೆದಿರುವಾಗ ಪ್ಲಂಬರ್ ಎಲ್ಲಿ ಸಿಗುತ್ತಾನೆ? ಸರದಿ ಬರುವ ಹೊತ್ತಿಗೆ ಬೇಸಿಗೆಯೇ ಬಂದಿತ್ತು.

ಹೊಸದಾಗಿ ಹಾಕಿಸುವಾಗ ಪಂಪಿಗೆ, ಫಿಲ್ಟರಿಗೆ, ಹೀಟರಿಗೆ, ಎಲ್ಲದರ ಎರಡು ಪಕ್ಕವೂ ಯೂನಿಯನ್ ಬೇಕೆಂದು ಅವಳು ಹಟ ಹಿಡಿದಳು. ಆ ಅಮೆರಿಕದ ಪ್ಲಂಬರ್ ಏನೆಂದ ಗೊತ್ತೇ? ‘ಅದು ಸೋರುತ್ತೆ ಮೇಡಂ.’ ಫೋನಿನಲ್ಲಿ ಇದನ್ನು ಕೇಳಿ ನಾನು ಎಷ್ಟು ನಕ್ಕೆನೆಂದರೆ ಕಣ್ಣಲ್ಲಿ ನೀರು ಬಂತು. ಭಾಷೆ ಬೇರೆ, ಮಂತ್ರ ಒಂದೇ! ಹಾಕಿದ್ದು ಸೋರಲಿಲ್ಲ. ಕೊಳದ ಪಂಪಿನ ಮುಚ್ಚಳ ಗಾಜಿನಂತೆ ಪಾರದರ್ಶಕ. ಎಳೆಯುವ ಕಡೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದ್ದರೆ ಅಲ್ಲಿ ಗುಳ್ಳೆ ಕಾಣುತ್ತದೆ. ಅವಳು ವಾರಕ್ಕೊಮ್ಮೆ ಬಗ್ಗಿ ನೋಡುತ್ತಾಳಂತೆ. ಗುಳ್ಳೆಯಿಲ್ಲ.

ಎರಡನೆಯ ಉತ್ತರ ಖರ್ಚಿನದು. ನಾನು ಪೇಟೆಯಲ್ಲಿ ಒಂದಂಗುಲದ ಮೂರು ಪ್ಲಾಸ್ಟಿಕ್ ಯೂನಿಯನ್ ಕೊಂಡಾಗ ಆದದ್ದು 400 ರೂಪಾಯಿ ಚಿಲ್ಲರೆ. 2019ರಲ್ಲಿ ಆ ಕೊಯ್ಯುವ ಮತ್ತು ಕೂಡಿಸುವ ಕೆಲಸಕ್ಕೆ, ಪಂಪಿನ ರಿಪೇರಿ ಬಿಟ್ಟು, ನಾನು ಕೊಟ್ಟದ್ದು 1,150. ಇನ್ನು ಮಾತು ಬೆಳೆಸುವ ಅಗತ್ಯ ಕಾಣುವುದಿಲ್ಲ. ಆದರೂ ಮನೆಯ ಮುಂದಿನ ಗೇಟಿಗೆ ಸಿಂಹದ ಮುಖ ಬೇಕೆಂದು ಹತ್ತು ಸಾವಿರ ಹೆಚ್ಚಿಗೆ ಕೊಟ್ಟ ಯಜಮಾನರು, ಪ್ಲಂಬಿಂಗ್ ಸಾಮಾನಿನ ಪಟ್ಟಿ ಬಂದಾಗ ‘ಇದೇನ್ರೀ, ಯೂನಿಯನ್ ಅಂತೆ, ತೆಗೀರಿ’ ಎಂದು ಪೆನ್ನಿನಲ್ಲಿ ಗೀರು ಹಾಕುತ್ತಾರೆ. ಪ್ಲಂಬರನ್ನು ಮಾತ್ರ ಬಯ್ದರೆ ನ್ಯಾಯವಲ್ಲ. ಅವನು ಪಾಯಿಂಟ್ ಲೆಕ್ಕದಲ್ಲಿ ಕೆಲಸ ಒಪ್ಪಿಕೊಂಡಿರುತ್ತಾನೆ, ಇಷ್ಟು ದಿನದಲ್ಲಿ ಮುಗಿಸೆಂದು ಕಂಟ್ರಾಕ್ಟರು ಬೆನ್ನಿಗೆ ನಿಂತಿರುತ್ತಾನೆ. ಬಿಚ್ಚುವ ದಿನ ಇವರಿಬ್ಬರೂ ಅಲ್ಲಿರುವುದಿಲ್ಲ. ನನ್ನ ಸಿಟ್ಟು ಹೆಚ್ಚಾಗಿ ಇಂಜಿನಿಯರುಗಳ ಮೇಲೆ. ನಕ್ಷೆಯಲ್ಲಿ ಮಂಚದ ಚಿತ್ರವನ್ನೂ ಸೋಫಾದ ಚಿತ್ರವನ್ನೂ ಅಂದವಾಗಿ ಬರೆಯುತ್ತಾರೆ, ಪಂಪಿಗೆ ಒಂದು ಸೊನ್ನೆ. ರೆಂಚು ಹಿಡಿದ ಕೈ ತಿರುಗಲು ಅದರ ಸುತ್ತ ಎಷ್ಟು ಜಾಗ ಬೇಕು ಎನ್ನುವುದು ಓದಿ ಬಂದವರಿಗೂ ಹೊಳೆಯದಿದ್ದರೆ ಮೇಸ್ತ್ರಿಗೆ ಹೇಗೆ ಹೊಳೆದೀತು?

ಮೂರನೆಯ ಉತ್ತರವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ತೋರಿಸುತ್ತಾರೆ: ಇದೆಲ್ಲ ಹೆಂಗಸರಿಗ್ಯಾಕೆ? 2022ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೊಬೈಲು, ವಾಹನ, ಕೃಷಿ ಯಂತ್ರ, ಮನೆಬಳಕೆಯ ಸಾಮಾನು, ಇವನ್ನು ಕೊಂಡವರು ತಮಗೆ ಬೇಕಾದ ಕಡೆ ರಿಪೇರಿ ಮಾಡಿಸಿಕೊಳ್ಳುವಂತಿರಬೇಕು ಎನ್ನುವುದು ಅದರ ಚರ್ಚೆ. ಒಳ್ಳೆಯದೇ. ಆದರೆ ಪಂಪಿನ ಬಿಡಿಭಾಗವೆಲ್ಲ ಅಂಗಡಿಯಲ್ಲಿ ಸಿಗುತ್ತಿದ್ದೂ, ಪಂಪನ್ನೇ ಜಾಗದಿಂದ ಎತ್ತಲಾಗದಂತೆ ನಮ್ಮ ಮನೆಯಲ್ಲೇ ನಾವು ಅಂಟಿಸಿಕೊಂಡು ಕೂತರೆ ಯಾವ ಕಾನೂನು ಬಂದು ಬಿಡಿಸುತ್ತದೆ? ಮಿಕ್ಸಿಯ ಜಾರು ಕೆಟ್ಟರೆ ನಾವೇ ಚೀಲದಲ್ಲಿ ಹಾಕಿಕೊಂಡು ಹೋಗಿ ಬುಷ್ ಹಾಕಿಸಿಕೊಂಡು ಬರುತ್ತೇವೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಪಂಪಿನ ವಿಷಯದಲ್ಲಿ ಮಾತ್ರ ಗರಗಸ ಹಿಡಿದವನ ದಾರಿ ಕಾಯುತ್ತ ಬಾಗಿಲಲ್ಲಿ ನಿಲ್ಲಬೇಕು. ಜಾರು ಬಿಚ್ಚಲು ಬರುತ್ತದೆ, ಪಂಪು ಬಿಚ್ಚಲು ಬರುವುದಿಲ್ಲ. ಇರುವ ವ್ಯತ್ಯಾಸ ಇಷ್ಟೇ.

ಆದ್ದರಿಂದ ಮನೆ ಕಟ್ಟಿಸುತ್ತಿರುವವರಿಗೆ, ಹಳೆಯದನ್ನು ರಿಪೇರಿ ಮಾಡಿಸುವವರಿಗೆ ನನ್ನ ಒತ್ತಾಯ ಹೀಗಿದೆ. ಪಂಪಿನ ಎರಡು ಕಡೆ, ಸಂಪಿನ ಮುಚ್ಚಳದ ಮೇಲೆ ಯೂನಿಯನ್ ಇರಲೇಬೇಕು. ಗಡಸು ನೀರಿನವರು ಸಾಫ್ಟನರ್ ಇಟ್ಟಿದ್ದರೆ ಅದಕ್ಕೆ, ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ವಾಲ್ವಿಗೆ ಕೂಡ. ಎರಡು ತುದಿಗೂ ಯೂನಿಯನ್ ಇರುವ ಬಾಲ್ ವಾಲ್ವು ಸಿಗುತ್ತದೆ, ಅದನ್ನೇ ಕೇಳಿ. ಗೋಡೆಯೊಳಗೆ, ಟೈಲ್ಸಿನ ಹಿಂದೆ ಮಾತ್ರ ಯೂನಿಯನ್ ಬೇಡ. ಕಣ್ಣಿಗೆ ಕಾಣದ, ಕೈಗೆ ಸಿಗದ ಯೂನಿಯನ್ನಿಂದ ಉಪಯೋಗವಿಲ್ಲ. ಹಳೆಯ ಮನೆಯವರು ಇದಕ್ಕಾಗಿಯೇ ಪೈಪು ಕೊಯ್ಯಿಸಬೇಕಾಗಿಲ್ಲ. ಮುಂದಿನ ಸಲ ಪಂಪು ಕೆಟ್ಟು ಹ್ಯಾಕ್‌ಸಾ ಚೀಲದಿಂದ ಹೊರಬರುತ್ತದಲ್ಲ, ಆಗ ಕಪ್ಲಿಂಗ್ ತರಲು ಹೊರಟವನನ್ನು ತಡೆದು, ಯೂನಿಯನ್ ತಾ ಎನ್ನಿ. ಅದು ಕೊನೆಯ ಕೊಯ್ತವಾಗಲಿ. ‘ಸೋರುತ್ತೆ’ ಎಂದರೆ, ‘ಸೋರಿದರೆ ನಾನೇ ಬಿಗಿ ಮಾಡ್ಕೋತೀನಿ’ ಎನ್ನಿ. ನಾನು 2019ರಲ್ಲಿ ಹಾಗೇ ಅಂದೆ. ಅವನು ನನ್ನ ಮುಖ ನೋಡಿ, ನಕ್ಕು, ಹಾಕಿಕೊಟ್ಟ.

ಆಮೇಲೆ ಎರಡು ಸಲ ನಮ್ಮ ಪಂಪನ್ನು ನಾನೇ ಕಳಚಿದ್ದೇನೆ. ಕಷ್ಟವೇನಿಲ್ಲ. ಮೊದಲು ಮೇನ್ ಸ್ವಿಚ್ ಆರಿಸಬೇಕು, ಇದರಲ್ಲಿ ಉದಾಸೀನ ಕೂಡದು. ವಯರು ಬಿಡಿಸುವುದಕ್ಕೆ ಧೈರ್ಯವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಯಿರಿ. ಮೇಲಕ್ಕೆ ಹೋಗುವ ಪೈಪಿನ ಯೂನಿಯನ್ ಬಿಚ್ಚುವಾಗ ಕೆಳಗೊಂದು ಬಕೆಟ್ಟಿಡಿ, ಪೈಪಿನಲ್ಲಿ ನಿಂತ ನೀರೆಲ್ಲ ದಬದಬ ಇಳಿಯುತ್ತದೆ. ನಟ್ಟು ಕದಲದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಿರುಗಿಸಿ, ಹಿಡಿತ ಸಿಗುತ್ತದೆ. ಕೂರಿಸುವ ಮೊದಲು ರಬ್ಬರಿನ ಬಳೆಯನ್ನು ತೊಳೆದು ಅದರ ಗಾಡಿಯಲ್ಲೇ ಕೂರಿಸಿ. ಜಾರಲೆಂದು ವ್ಯಾಸಲೀನ್ ಹಚ್ಚಬೇಡಿ, ಕೆಲವು ಜಾತಿಯ ರಬ್ಬರು ಅದಕ್ಕೆ ಊದಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ಎಂದು ಸಿಗುತ್ತದೆ, ಚೂರು ಸಾಕು. ಬಳೆ ಹರಿದಿದ್ದರೆ ಯೂನಿಯನ್ ಒಯ್ದು ತೋರಿಸಿ ಅದೇ ಅಳತೆಯದ್ದು ತನ್ನಿ. ನಮ್ಮ ಪೇಟೆಯ ಅಂಗಡಿಯವನು ‘ಬರೀ ರಿಂಗ್ ಕೊಡಲ್ಲ, ಸೆಟ್ಟೇ ತಗೊಳ್ಳಿ’ ಎಂದು ಜೋರು ಮಾಡಿದ. ನಾನು ಅಲ್ಲೇ ಪಕ್ಕದ ಮೋಟಾರು ರಿಪೇರಿ ಅಂಗಡಿಗೆ ಹೋಗಿ ಎರಡು ತಂದೆ. ಒಂದು ಪಂಪಿನಲ್ಲಿದೆ, ಇನ್ನೊಂದು ಕುಕ್ಕರಿನ ಹೆಚ್ಚುವರಿ ಗ್ಯಾಸ್ಕೆಟ್ ಇಟ್ಟಿರುವ ಡಬ್ಬಿಯಲ್ಲಿದೆ.